ಹಸುಗೂಸಿನ ಔಷಧದಲ್ಲಿ ಔಷಧವಲ್ಲದ ಪಾಲು

ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುತ್ತದೆ. ಒಂದು ಮಿಲಿಲೀಟರ್ ದ್ರವದ ತೂಕ ಒಂದು ಗ್ರಾಮಿನ ಆಸುಪಾಸಿನಲ್ಲಿರುವುದರಿಂದ, ಡ್ರಾಪರಿನೊಳಗೆ ಏರಿದ ದ್ರವದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಔಷಧ, ಉಳಿದದ್ದೆಲ್ಲ ಬೇರೆ ಪದಾರ್ಥಗಳು. ಆ ಉಳಿದ ಪಾಲನ್ನು ಬರೀ ನೀರೆಂದು ಭಾವಿಸುವುದು ಸಹಜವಾದರೂ ಸರಿಯಲ್ಲ. ಸಾಧಾರಣ ಉಷ್ಣತೆಯಲ್ಲಿ ಒಂದು ಮಿಲಿಲೀಟರ್ ನೀರಿನಲ್ಲಿ ಕರಗುವ ಪ್ಯಾರಸಿಟಮಾಲ್ ಸುಮಾರು 14 ಮಿಲಿಗ್ರಾಂ ಅಷ್ಟೇ. ಅದರ ಏಳು ಪಟ್ಟು ಔಷಧವನ್ನು ಅಷ್ಟೇ ಜಾಗದಲ್ಲಿ ಕರಗಿಸಿಡಬೇಕಾದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಮೊದಲಾದ ದ್ರಾವಕಗಳ ನೆರವು ಬೇಕು, ಕಹಿ ಮರೆಸಲು ಸಿಹಿ ಬೇಕು, ಮುಚ್ಚಳ ತೆರೆದ ಮೇಲೆ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯದಂತೆ ತಡೆಯುವ ಸಂರಕ್ಷಕ ಬೇಕು, ಕೆಲವೊಮ್ಮೆ ಬಣ್ಣ ಮತ್ತು ಪರಿಮಳವೂ ಸೇರುತ್ತವೆ.

ರೋಗದ ಮೇಲೆ ಕೆಲಸ ಮಾಡುವ ವಸ್ತುವನ್ನು ಸಕ್ರಿಯ ಘಟಕವೆಂದೂ, ಅದನ್ನು ಕರಗಿಸಿ, ಕಾಪಾಡಿ, ರುಚಿಗೊಳಿಸಿ ದೇಹಕ್ಕೆ ತಲುಪಿಸುವ ಉಳಿದ ವಸ್ತುಗಳನ್ನು ನಿಷ್ಕ್ರಿಯ ಘಟಕಗಳೆಂದೂ ಔಷಧಶಾಸ್ತ್ರ ವಿಂಗಡಿಸುತ್ತದೆ. ಔಷಧ ತಯಾರಕರು ಎರಡನೆಯದನ್ನು ಎಕ್ಸಿಪಿಯೆಂಟ್ ಎಂದು ಕರೆಯುತ್ತಾರೆ. ಈ ವಿಂಗಡಣೆ ಸೂಚಿಸುವುದು ಸೀಸೆಯೊಳಗೆ ಒಂದೊಂದು ವಸ್ತುವಿಗೆ ವಹಿಸಿರುವ ಕೆಲಸವನ್ನೇ ಹೊರತು, ದೇಹದೊಳಗೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನಲ್ಲ. ಬಲಿತ ಯಕೃತ್ತು ಮತ್ತು ಮೂತ್ರಪಿಂಡಗಳಿರುವ ವಯಸ್ಕರಲ್ಲಿ ಈ ಎರಡರ ನಡುವಿನ ಅಂತರ ಬಹುಮಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವರ ದೇಹ ಈ ವಸ್ತುಗಳನ್ನು ಒಡೆದು ಹೊರಹಾಕಿಬಿಡುತ್ತದೆ. ಹುಟ್ಟಿ 28 ದಿನ ತುಂಬದ ನವಜಾತ ಶಿಶುವಿನಲ್ಲಿ, ಅದರಲ್ಲೂ 37 ವಾರ ತುಂಬುವ ಮೊದಲೇ ಹುಟ್ಟಿದ ಅವಧಿಪೂರ್ವ ಶಿಶುವಿನಲ್ಲಿ, ಆ ಅಂತರ ಜೀವಕ್ಕೇ ಎರವಾದ ಪ್ರಸಂಗಗಳು ಕಳೆದ ಶತಮಾನದ ವೈದ್ಯಕೀಯ ದಾಖಲೆಗಳಲ್ಲಿವೆ.

ನವಜಾತ ಶಿಶುವನ್ನು ಚಿಕ್ಕ ಗಾತ್ರದ ವಯಸ್ಕನೆಂದು ಎಣಿಸಿ ತೂಕಕ್ಕೆ ತಕ್ಕಂತೆ ಪ್ರಮಾಣವನ್ನು ಭಾಗಿಸಿದರೆ ಸಾಲದು ಎಂಬುದಕ್ಕೆ ಕಾರಣ ಅದರ ಅಂಗಗಳ ಬೆಳವಣಿಗೆಯಲ್ಲಿದೆ. ಹೊರಗಿನ ರಾಸಾಯನಿಕಗಳನ್ನು ಒಡೆಯುವ ಅಥವಾ ಇನ್ನೊಂದು ಅಣುವಿನೊಡನೆ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುವ ಯಕೃತ್ತಿನ ಕಿಣ್ವಗಳು ಹುಟ್ಟಿದಾಗ ಪೂರ್ತಿ ಬಲಿತಿರುವುದಿಲ್ಲ. ಕೆಲವು ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ, ಇನ್ನು ಕೆಲವು ವರ್ಷಗಳೇ ಕಳೆದ ಮೇಲೆ ವಯಸ್ಕರ ಮಟ್ಟಕ್ಕೆ ಬರುತ್ತವೆ. ಮೂತ್ರಪಿಂಡಗಳ ಸೋಸುವ ಶಕ್ತಿಯೂ ಮೊದಲ ದಿನಗಳಲ್ಲಿ ಅಲ್ಪವಾಗಿದ್ದು ನಿಧಾನವಾಗಿ ಏರುತ್ತದೆ. ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುವ ಹಂತದಲ್ಲಿರುವುದರಿಂದ ರಕ್ತದಲ್ಲಿ ಉಳಿದುಕೊಂಡ ವಸ್ತುಗಳ ಪೆಟ್ಟು ಅದಕ್ಕೆ ಬೇಗ ತಗಲುತ್ತದೆ. ಇದೆಲ್ಲದರ ಮೇಲೆ, ತೀವ್ರ ನಿಗಾ ಘಟಕದಲ್ಲಿರುವ ಒಂದು ಕಿಲೋ ತೂಕದ ಕೂಸಿಗೆ ದಿನವೊಂದಕ್ಕೆ ಹಲವು ಔಷಧಗಳು ಹೋಗುತ್ತವೆ, ಆ ಪ್ರತಿಯೊಂದೂ ತನ್ನ ಜೊತೆ ತನ್ನದೇ ಪರಿವಾರವನ್ನು ಕರೆತರುತ್ತದೆ.

ಈ ವಿಷಯದಲ್ಲಿ ವೈದ್ಯಲೋಕವನ್ನು ಮೊದಲು ಎಚ್ಚರಿಸಿದ್ದು 1982ರಲ್ಲಿ ಅಮೆರಿಕದಿಂದ ಬಂದ ವರದಿಗಳು. ಅಲ್ಲಿನ ನವಜಾತ ಶಿಶು ಘಟಕಗಳಲ್ಲಿ ಕೆಲವು ಅವಧಿಪೂರ್ವ ಶಿಶುಗಳ ಸ್ಥಿತಿ, ಮೊದಲ ಕೆಲವು ದಿನಗಳನ್ನು ಹೇಗೋ ದಾಟಿದ ಮೇಲೆ, ಇದ್ದಕ್ಕಿದ್ದಂತೆ ಹದಗೆಡುತ್ತಿತ್ತು. ರಕ್ತದಲ್ಲಿ ಆಮ್ಲ ಏರುತ್ತಿತ್ತು, ಸೆಳವು ಬರುತ್ತಿತ್ತು, ರಕ್ತದೊತ್ತಡ ಕುಸಿಯುತ್ತಿತ್ತು, ಮಿದುಳಿನೊಳಗೆ ರಕ್ತಸ್ರಾವವಾಗುತ್ತಿತ್ತು. ಇವೆಲ್ಲದರ ಜೊತೆಗೆ ಕೂಸು ಬಾಯಿ ತೆರೆದು, ಗಾಳಿಯನ್ನು ಕಚ್ಚುವಂತೆ ಬಿಟ್ಟುಬಿಟ್ಟು ಉಸಿರೆಳೆಯುತ್ತಿತ್ತು. ಆ ಉಸಿರಾಟದಿಂದಲೇ ಈ ಲಕ್ಷಣಗಳ ಗುಂಪಿಗೆ ಗ್ಯಾಸ್ಪಿಂಗ್ ಸಿಂಡ್ರೋಮ್ ಎಂಬ ಹೆಸರು ಬಂತು. ಇಂಥ 10 ಶಿಶುಗಳ ವಿವರ ಅದೇ ವರ್ಷ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವೈದ್ಯಕೀಯ ಕೇಂದ್ರಗಳಲ್ಲಿ ಒಟ್ಟು 16 ಶಿಶುಗಳ ಸಾವಿಗೆ ಇದೇ ಕಾರಣವಿರಬೇಕೆಂದು ತಿಳಿದುಬಂದಾಗ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ದೇಶದ ಆಸ್ಪತ್ರೆಗಳಿಗೆಲ್ಲ ಎಚ್ಚರಿಕೆ ಕಳಿಸಿತು.

ಸಾವಿಗೆ ಕಾರಣವಾದ ವಸ್ತು ಯಾವ ಔಷಧದಲ್ಲೂ ಇರಲಿಲ್ಲ, ರಕ್ತನಾಳದೊಳಗೆ ಇಟ್ಟ ಸಣ್ಣ ಕೊಳವೆ ಹೆಪ್ಪುಗಟ್ಟಿ ಮುಚ್ಚಿಹೋಗದಂತೆ ಆಗಾಗ ತೊಳೆಯಲು ಬಳಸುತ್ತಿದ್ದ ಉಪ್ಪುನೀರಿನಲ್ಲಿ ಇತ್ತು. ಒಂದೇ ವಯಲ್‌ನಿಂದ ಹಲವು ಸಲ ಸೂಜಿ ಚುಚ್ಚಿ ಸಲೈನ್ ತೆಗೆಯಬೇಕಾದ್ದರಿಂದ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಶೇಕಡಾ 0.9ರಷ್ಟು ಬೆಂಜೈಲ್ ಆಲ್ಕೋಹಾಲ್ ಬೆರೆಸಿರುತ್ತಿದ್ದರು. ಎಂದರೆ ಪ್ರತಿ ಮಿಲಿಲೀಟರಿಗೆ 9 ಮಿಲಿಗ್ರಾಂ. ಗಂಟೆಗೊಮ್ಮೆ ಅರ್ಧ ಮಿಲಿಲೀಟರ್ ಸಲೈನ್ ಹಾಯಿಸಿದರೂ ದಿನಕ್ಕೆ 12 ಮಿಲಿಲೀಟರ್ ಆಯಿತು, ಅದರೊಡನೆ 108 ಮಿಲಿಗ್ರಾಂ ಬೆಂಜೈಲ್ ಆಲ್ಕೋಹಾಲ್ ಒಳಗೆ ಹೋಯಿತು. ಅರವತ್ತು ಕಿಲೋ ತೂಕದ ವಯಸ್ಕನಿಗೆ ಇದು ಕಿಲೋವೊಂದಕ್ಕೆ ಎರಡು ಮಿಲಿಗ್ರಾಂ ಕೂಡ ಆಗುವುದಿಲ್ಲ. ಒಂದು ಕಿಲೋ ತೂಕದ ಕೂಸಿಗಾದರೋ ಅಷ್ಟೂ ಅದರ ಒಂದು ಕಿಲೋ ದೇಹದ ಮೇಲೆಯೇ ಬೀಳುತ್ತದೆ. 1982ರ ವರದಿಯಲ್ಲಿದ್ದ ಶಿಶುಗಳಿಗೆ ದಿನಕ್ಕೆ ಕಿಲೋವೊಂದಕ್ಕೆ 99ರಿಂದ 234 ಮಿಲಿಗ್ರಾಂವರೆಗೆ ಈ ವಸ್ತು ಹೋಗಿತ್ತೆಂದು ಲೆಕ್ಕ ಸಿಕ್ಕಿತು.

ದೇಹದೊಳಗೆ ಬೆಂಜೈಲ್ ಆಲ್ಕೋಹಾಲ್ ಮೊದಲು ಬೆಂಜಾಲ್ಡಿಹೈಡ್ ಆಗಿ, ಆಮೇಲೆ ಬೆಂಜೋಯಿಕ್ ಆಮ್ಲವಾಗಿ ಮಾರ್ಪಡುತ್ತದೆ. ಬಲಿತ ಯಕೃತ್ತು ಈ ಆಮ್ಲವನ್ನು ಗ್ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಕಟ್ಟಿ ಹಿಪ್ಯೂರಿಕ್ ಆಮ್ಲವಾಗಿಸಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಅವಧಿಪೂರ್ವ ಶಿಶುವಿನಲ್ಲಿ ಕುಂಟುವುದು ಈ ಕೊನೆಯ ಹೆಜ್ಜೆ. ಬೆಂಜೋಯಿಕ್ ಆಮ್ಲ ತಯಾರಾಗುತ್ತಲೇ ಇರುತ್ತದೆ, ಆದರೆ ಸಾಗಿಹೋಗುವುದಿಲ್ಲ; ರಕ್ತದ ಆಮ್ಲ ಏರುವುದು ಅದರಿಂದ. ಅಂಥ ಸಲೈನನ್ನು ಬಿಟ್ಟ ಮೇಲೆ ಒಂದು ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ ಸಾವು ಮತ್ತು ಮಿದುಳಿನ ರಕ್ತಸ್ರಾವ ಎರಡೂ ಇಳಿದುದನ್ನು ಮುಂದಿನ ಅಧ್ಯಯನಗಳು ತೋರಿಸಿದವು. ಲಕ್ಷಣಗಳು ಕಂಡ 10 ಶಿಶುಗಳ ಹಿಂದೆ, ಯಾರ ಗಮನಕ್ಕೂ ಬಾರದೆ, ಅವಧಿಪೂರ್ವ ಜನನದ ಸಹಜ ತೊಡಕೆಂದೇ ಭಾವಿಸಲಾಗಿದ್ದ ಎಷ್ಟು ಸಾವುಗಳು ಈ ಸಂರಕ್ಷಕದ ಪಾಲಿನವಾಗಿದ್ದವೆಂಬ ಪ್ರಶ್ನೆಯನ್ನು ಆ ಅಧ್ಯಯನಗಳು ಎಬ್ಬಿಸಿದವು. ಅಷ್ಟು ಚಿಕ್ಕ ಕೂಸು ಸತ್ತರೆ ಕಾರಣ ಹುಡುಕುವ ಅಗತ್ಯವೇ ಯಾರಿಗೂ ತೋರುತ್ತಿರಲಿಲ್ಲ ಎನ್ನುವುದು ಇಡೀ ಪ್ರಕರಣದ ಅತ್ಯಂತ ಕಹಿಯಾದ ಭಾಗ.

ಬೆಂಜೋಯಿಕ್ ಆಮ್ಲದ ಲವಣವಾದ ಸೋಡಿಯಂ ಬೆಂಜೋಯೇಟ್, ಉಪ್ಪಿನಕಾಯಿ ಮತ್ತು ಹಣ್ಣಿನ ಪಾನಕಗಳ ಲೇಬಲ್ಲುಗಳಿಂದ ಓದುಗರಿಗೆ ಪರಿಚಿತವಾದ ಸಂರಕ್ಷಕ. ಅದೇ ವಸ್ತು, ರಕ್ತದಲ್ಲಿ ಅಮೋನಿಯಾ ಸಂಗ್ರಹವಾಗುವ ಯೂರಿಯಾ ಚಕ್ರದ ಜನ್ಮಜಾತ ದೋಷಗಳಲ್ಲಿ, ವೈದ್ಯರು ಬೇಕೆಂದೇ ಕೊಡುವ ಔಷಧವೂ ಹೌದು: ಗ್ಲೈಸೀನಿಗೆ ಕಟ್ಟಿಕೊಳ್ಳುವ ಅದರ ಗುಣವನ್ನೇ ಬಳಸಿಕೊಂಡು ಹೆಚ್ಚಾದ ಸಾರಜನಕವನ್ನು ಮೂತ್ರದ ದಾರಿಯಲ್ಲಿ ಹೊರಗೆ ಕಳಿಸಲಾಗುತ್ತದೆ. ಒಂದು ಸೀಸೆಯಲ್ಲಿ ನಿಷ್ಕ್ರಿಯವೆನಿಸಿಕೊಂಡದ್ದು ಇನ್ನೊಂದು ಸೀಸೆಯಲ್ಲಿ ಸಕ್ರಿಯವಾಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಬೆಂಜೋಯೇಟಿಗೆ ಮತ್ತೊಂದು ಗುಣವೂ ಇದೆ. ನವಜಾತ ಶಿಶುಗಳಲ್ಲಿ ಕಾಮಾಲೆಗೆ ಕಾರಣವಾಗುವ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವವರೆಗೆ ಮಿದುಳಿಗೆ ಅಪಾಯ ಕಡಿಮೆ; ಬೆಂಜೋಯೇಟ್ ಆ ಜಾಗವನ್ನು ತಾನು ಹಿಡಿದು ಬಿಲಿರುಬಿನ್ನನ್ನು ಬಿಡಿಸಿಬಿಡಬಲ್ಲದು. ಉಸಿರಾಟ ನಡುನಡುವೆ ನಿಲ್ಲುವ ಅವಧಿಪೂರ್ವ ಕೂಸುಗಳಿಗೆ ಕೆಫೀನ್ ಕೊಡುವಾಗ ಕೆಫೀನ್ ಸಿಟ್ರೇಟ್ ರೂಪವನ್ನೇ ಆರಿಸಿ, ಸೋಡಿಯಂ ಬೆಂಜೋಯೇಟ್ ಬೆರೆತ ಕೆಫೀನ್ ಚುಚ್ಚುಮದ್ದನ್ನು ದೂರವಿಡುವುದು ಈ ಕಾರಣಕ್ಕಾಗಿಯೇ. ಕೆಫೀನ್ ಎರಡರಲ್ಲೂ ಒಂದೇ, ಆಯ್ಕೆಯನ್ನು ನಿರ್ಧರಿಸುವುದು ಅದರ ಜೊತೆಗಾರ.

ಬೆಂಜೈಲ್ ಆಲ್ಕೋಹಾಲಿನ ಎಚ್ಚರಿಕೆ ಹೊರಬಿದ್ದು ಎರಡು ವರ್ಷ ತುಂಬುವುದರೊಳಗೆ ಅದೇ ದೇಶದಲ್ಲಿ ಇನ್ನೊಂದು ದುರಂತ ನಡೆಯಿತು. ಆಮ್ಲಜನಕದ ಚಿಕಿತ್ಸೆ ಪಡೆದ ಅವಧಿಪೂರ್ವ ಶಿಶುಗಳ ಕಣ್ಣಿನ ಅಕ್ಷಿಪಟಲ ಹಾಳಾಗದಂತೆ ವಿಟಮಿನ್ ಇ ನೆರವಾಗಬಹುದೆಂಬ ಆಶೆ ಆಗ ಬಲವಾಗಿತ್ತು. ಕೊಬ್ಬಿನಲ್ಲಿ ಮಾತ್ರ ಕರಗುವ ಈ ಜೀವಸತ್ವವನ್ನು ರಕ್ತನಾಳಕ್ಕೆ ಕೊಡುವಂತೆ ಮಾಡಲು ಪಾಲಿಸಾರ್ಬೇಟ್ 80 ಮತ್ತು ಪಾಲಿಸಾರ್ಬೇಟ್ 20 ಎಂಬ, ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ವಸ್ತುಗಳನ್ನು ಸೇರಿಸಿ ತಯಾರಿಸಿದ ಇ-ಫೆರಾಲ್ ಎಂಬ ಚುಚ್ಚುಮದ್ದು 1983ರ ಕೊನೆಯಲ್ಲಿ, ನಿಯಂತ್ರಕರ ಅನುಮೋದನೆಯೇ ಇಲ್ಲದೆ, ಮಾರುಕಟ್ಟೆಗೆ ಬಂತು. ಕೆಲವೇ ತಿಂಗಳಲ್ಲಿ ಯಕೃತ್ತು ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ಮೂತ್ರಪಿಂಡ ಸೋತು, ಕಾಮಾಲೆ ಏರಿ ಕೂಸುಗಳು ಸಾಯತೊಡಗಿದವು. 1984ರ ಏಪ್ರಿಲ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ 38 ಶಿಶುಗಳ ಸಾವು ಅದರೊಡನೆ ತಳಕುಹಾಕಿಕೊಂಡಿತ್ತು. ಕಂಪನಿಗಳ ಹಿರಿಯ ಅಧಿಕಾರಿಗಳಿಗೆ ಮುಂದೆ ಜೈಲುಶಿಕ್ಷೆಯಾಯಿತು. ವಿಟಮಿನ್ನಿನ ಪಾತ್ರವನ್ನು ಪೂರ್ತಿ ತಳ್ಳಿಹಾಕಲಾಗದಿದ್ದರೂ ಬಹುತೇಕ ತಜ್ಞರ ಬೆರಳು ತೋರಿದ್ದು ಪಾಲಿಸಾರ್ಬೇಟ್‌ಗಳ ಕಡೆಗೆ. ಬಾಯಿಯ ಮೂಲಕ ಹೋದಾಗ ನಿರುಪದ್ರವಿಯಾಗಿ, ಐಸ್‌ಕ್ರೀಮಿನಲ್ಲೂ ಬಳಕೆಯಾಗುವ ವಸ್ತು ರಕ್ತನಾಳದ ಮೂಲಕ, ಅಷ್ಟು ಚಿಕ್ಕ ದೇಹಕ್ಕೆ, ಅಷ್ಟು ಪ್ರಮಾಣದಲ್ಲಿ ಹೋದಾಗ ಹಾಗೆಯೇ ಇದ್ದೀತೆಂದು ನಂಬಲು ಯಾವ ಆಧಾರವೂ ಇರಲಿಲ್ಲ, ಯಾರೂ ಅದನ್ನು ಮೊದಲೇ ಪರೀಕ್ಷಿಸಿಯೂ ಇರಲಿಲ್ಲ.

ಇವೆರಡು ಪ್ರಕರಣಗಳಿಗಿಂತ ಹೆಚ್ಚು ದಿನನಿತ್ಯದ ಸಮಸ್ಯೆ ಪ್ರೊಪಿಲೀನ್ ಗ್ಲೈಕಾಲಿನದು. ನೀರಿನಲ್ಲಿ ಕರಗದ ಅನೇಕ ಔಷಧಗಳಿಗೆ ಇದೊಂದು ಒಳ್ಳೆಯ ದ್ರಾವಕವಾಗಿರುವುದರಿಂದ ಸೆಳವಿನ ಔಷಧ, ವಿಟಮಿನ್, ಸಿರಪ್ ಎಂಬ ಭೇದವಿಲ್ಲದೆ ಎಲ್ಲ ಕಡೆ ಕಾಣಸಿಗುತ್ತದೆ. ವಯಸ್ಕರ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಕೆಲವು ಗಂಟೆಗಳು ಸಾಕು. ಶಿಶುಗಳಲ್ಲಿ ಅದಕ್ಕೆ ಸರಾಸರಿ 19 ಗಂಟೆಗಳೇ ಬೇಕಾದುದನ್ನು 1980ರ ದಶಕದಲ್ಲಿ ಅಳೆಯಲಾಯಿತು. ಇದನ್ನು ಒಡೆಯುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹಸುಗೂಸಿನಲ್ಲಿ ಅಲ್ಪವಾಗಿರುವುದೇ ಕಾರಣ. ವಸ್ತು ಹೊರಹೋಗುವ ಮೊದಲೇ ಮುಂದಿನ ಡೋಸ್ ಬಂದು ಸೇರಿದರೆ ರಕ್ತದ ಸಾಂದ್ರತೆ ಏರುತ್ತದೆ, ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ, ಮಿದುಳಿನ ಚಟುವಟಿಕೆ ಕುಗ್ಗುತ್ತದೆ ಅಥವಾ ಸೆಳವು ಕಾಣಿಸಿಕೊಳ್ಳುತ್ತದೆ. ರಕ್ತನಾಳದ ಮೂಲಕ ಕೊಡುತ್ತಿದ್ದ ಒಂದು ಬಹುವಿಟಮಿನ್ ದ್ರಾವಣದೊಡನೆ ದಿನಕ್ಕೆ 3 ಗ್ರಾಂನಷ್ಟು ಪ್ರೊಪಿಲೀನ್ ಗ್ಲೈಕಾಲ್ ಪಡೆದ ಚಿಕ್ಕ ತೂಕದ ಶಿಶುಗಳಲ್ಲಿ ಇದೇ ಆಯಿತು.

ಕುಡಿಯುವ ಮದ್ಯದ ಸಾರವಾದ ಈಥೈಲ್ ಆಲ್ಕೋಹಾಲನ್ನು ಒಡೆಯುವುದೂ ಅದೇ ಕಿಣ್ವ. ಹಾಗಾಗಿ ಎರಡೂ ಇರುವ ಔಷಧದಲ್ಲಿ ಮದ್ಯಸಾರ ಕಿಣ್ವವನ್ನು ಮೊದಲು ಆಕ್ರಮಿಸಿಕೊಂಡು ಪ್ರೊಪಿಲೀನ್ ಗ್ಲೈಕಾಲ್ ಇನ್ನಷ್ಟು ಹೊತ್ತು ಉಳಿಯುವಂತೆ ಮಾಡುತ್ತದೆ. ಎಚ್‌ಐವಿ ಸೋಂಕಿಗೆ ಕೊಡುವ ಲೋಪಿನಾವಿರ್ ಮತ್ತು ರಿಟೋನಾವಿರ್‌ಗಳ ದ್ರಾವಣ ಕ್ಯಾಲೆಟ್ರಾದಲ್ಲಿ ಮದ್ಯಸಾರ ಶೇಕಡಾ 42.4, ಪ್ರೊಪಿಲೀನ್ ಗ್ಲೈಕಾಲ್ ಶೇಕಡಾ 15.3. ಭಾರತದಲ್ಲಿ ಮಾರುವ ವಿಸ್ಕಿಯ ಸೀಸೆಗಳ ಮೇಲೆ ಸಾಮಾನ್ಯವಾಗಿ ಕಾಣುವ ಅಂಕಿ ಶೇಕಡಾ 42.8 ಎಂಬುದನ್ನು ನೆನೆದರೆ ಇದರ ಅರ್ಥ ಹೊಳೆಯುತ್ತದೆ. ಅವಧಿಪೂರ್ವ ಶಿಶುಗಳಲ್ಲಿ ಹೃದಯದ ಲಯ ಕೆಟ್ಟ, ಮೂತ್ರಪಿಂಡ ಸೋತ, ಉಸಿರಾಟ ಕುಗ್ಗಿದ ವರದಿಗಳು ಬಂದ ಮೇಲೆ 2011ರ ಮಾರ್ಚ್‌ನಲ್ಲಿ ಅಮೆರಿಕದ ನಿಯಂತ್ರಕರು, ನಿರೀಕ್ಷಿತ ಹೆರಿಗೆಯ ದಿನ ಕಳೆದು 14 ದಿನವಾಗುವವರೆಗೆ ಅಂಥ ಕೂಸಿಗೆ ಈ ದ್ರಾವಣ ಕೊಡಬಾರದೆಂದು ತಿಳಿಸಿದರು.

ಹಾಗೆಂದು ಅಂಕಿಗಳನ್ನು ನೋಡಿ ಬೆಚ್ಚಿಬೀಳುವುದೂ ಸರಿಯಲ್ಲ ಎಂಬುದಕ್ಕೆ ಫಿನೋಬಾರ್ಬಿಟಾಲ್ ಒಳ್ಳೆಯ ಉದಾಹರಣೆ. ನವಜಾತ ಶಿಶುವಿನ ಸೆಳವಿಗೆ ಬಹುತೇಕ ಎಲ್ಲೆಡೆ ಮೊದಲು ಕೊಡುವ ಔಷಧ ಇದು. ಮೊದಲ ಡೋಸ್ ಕಿಲೋವೊಂದಕ್ಕೆ 20 ಮಿಲಿಗ್ರಾಂ. ಶೇಕಡಾ 90ರಷ್ಟು ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಮಿಲಿಲೀಟರಿಗೆ 200 ಮಿಲಿಗ್ರಾಂ ಔಷಧ ಕರಗಿಸಿದ ಆಂಪೂಲ್ ಬಳಸಿದರೆ, 3 ಕಿಲೋ ತೂಕದ ಮಗುವಿಗೆ 0.3 ಮಿಲಿಲೀಟರ್ ಸಾಕು, ಅದರೊಡನೆ ಕಿಲೋವೊಂದಕ್ಕೆ ಸುಮಾರು 90 ಮಿಲಿಗ್ರಾಂ ಪ್ರೊಪಿಲೀನ್ ಗ್ಲೈಕಾಲ್ ಹೋಗುತ್ತದೆ. ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ನವಜಾತ ಶಿಶುಗಳಿಗೆ ಗುರುತಿಸಿದ ಮಟ್ಟ ದಿನಕ್ಕೆ ಕಿಲೋವೊಂದಕ್ಕೆ 1 ಮಿಲಿಗ್ರಾಂ ಮಾತ್ರ. ಆದರೆ ಆ ಮಟ್ಟ ಔಷಧದ ಕರಪತ್ರದಲ್ಲಿ ಎಚ್ಚರಿಕೆ ಮುದ್ರಿಸಬೇಕಾದ ಗೆರೆಯೇ ಹೊರತು, ದಾಟಿದ ಕೂಡಲೇ ವಿಷವಾಗುವ ಗೆರೆಯಲ್ಲ. ಬೆಲ್ಜಿಯಂನ ಲೂವೆನ್ ನಗರದ ಸಂಶೋಧಕರು ದಿನಕ್ಕೆ ಕಿಲೋವೊಂದಕ್ಕೆ ಸುಮಾರು 34 ಮಿಲಿಗ್ರಾಂನಷ್ಟು ಪ್ರೊಪಿಲೀನ್ ಗ್ಲೈಕಾಲ್ ಪಡೆದ ನವಜಾತ ಶಿಶುಗಳನ್ನು ಗಮನಿಸಿ, ಎರಡು ದಿನಗಳ ಮಟ್ಟಿಗೆ ಅವು ಅದನ್ನು ತಾಳಿಕೊಂಡುದನ್ನು ವರದಿ ಮಾಡಿದ್ದಾರೆ. ನಿಲ್ಲದ ಸೆಳವು ಮಿದುಳಿಗೆ ಮಾಡುವ ಹಾನಿ ಖಚಿತ, ಒಂದು ಡೋಸಿನ ದ್ರಾವಕ ಮಾಡಬಹುದಾದ ಹಾನಿ ಸಂಭವನೀಯ ಮಾತ್ರ. ಇವೆರಡನ್ನು ತೂಗುವ ಕೆಲಸ ಹಾಸಿಗೆಯ ಪಕ್ಕದಲ್ಲಿರುವ ವೈದ್ಯರದು. ಆದರೆ ತೂಗಬೇಕಾದರೆ ತಕ್ಕಡಿಯ ಎರಡನೆಯ ತಟ್ಟೆಯಲ್ಲಿ ಏನಿದೆಯೆಂದು ತಿಳಿದಿರಬೇಕು, ಕೊರತೆ ಇರುವುದು ಆ ತಿಳಿವಳಿಕೆಯಲ್ಲಿ.

ಈ ಕೊರತೆಯ ಅಗಲವನ್ನು ಅಳೆಯುವ ಪ್ರಯತ್ನಗಳು ಯುರೋಪಿನಲ್ಲಿ ನಡೆದಿವೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 38 ಅವಧಿಪೂರ್ವ ಶಿಶುಗಳ ಔಷಧಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಆಸ್ಪತ್ರೆಯಲ್ಲಿದ್ದಷ್ಟು ಕಾಲದಲ್ಲಿ ಅವುಗಳಿಗೆ 20ಕ್ಕೂ ಹೆಚ್ಚು ಬಗೆಯ ನಿಷ್ಕ್ರಿಯ ಘಟಕಗಳು ಹೋಗಿದ್ದನ್ನು ಗುರುತಿಸಿತು. ಅವುಗಳಲ್ಲಿ ಮದ್ಯಸಾರ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಕೂಡ ಇದ್ದವು. ಶ್ವಾಸಕೋಶದ ದೀರ್ಘಕಾಲೀನ ತೊಂದರೆಯಿದ್ದ, ಎಂದರೆ ಹೆಚ್ಚು ಔಷಧ ಬೇಕಾಗಿದ್ದ ಕೂಸುಗಳಿಗೆ ಹೆಚ್ಚು ಪಾಲು ಸಿಕ್ಕಿತ್ತು. ಆಮೇಲೆ 21 ದೇಶಗಳ 89 ನವಜಾತ ಶಿಶು ಘಟಕಗಳಲ್ಲಿ 726 ಶಿಶುಗಳನ್ನು ಒಳಗೊಂಡು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಾನಿಕರವಾಗಬಹುದೆಂದು ಮೊದಲೇ ಪಟ್ಟಿಮಾಡಿದ್ದ ಘಟಕಗಳಲ್ಲಿ ಒಂದನ್ನಾದರೂ ಪಡೆದ ಶಿಶುಗಳು ಶೇಕಡಾ 63. ಈ ಸಮೀಕ್ಷೆಯ ಹೆಚ್ಚು ಉಪಯುಕ್ತವಾದ ಮಾತು ಬೇರೆಯಿದೆ: ಅದೇ ಔಷಧ, ಅದೇ ದಾರಿಯಲ್ಲಿ ಕೊಡುವಂಥದ್ದು, ಆ ಘಟಕವಿಲ್ಲದೆ ಯುರೋಪಿನ ಇನ್ನಾವುದೋ ದೇಶದಲ್ಲಿ ಸಿಗುತ್ತಿದ್ದ ನಿದರ್ಶನಗಳು ಅನೇಕವಿದ್ದವು. ಎಂದರೆ ಬಹಳ ಕಡೆ ಆ ಘಟಕ ಅನಿವಾರ್ಯವಾಗಿರಲಿಲ್ಲ, ರೂಢಿಯಿಂದ ಉಳಿದುಕೊಂಡಿತ್ತು. ಪಟ್ಟಿಯಲ್ಲಿದ್ದ ಪ್ಯಾರಾಬೆನ್‌ಗಳಂಥ ಸಂರಕ್ಷಕಗಳ ವಿಷಯದಲ್ಲಿ ಹಾನಿಯ ಪುರಾವೆ ಇನ್ನೂ ತೆಳುವಾಗಿಯೇ ಇದೆ. ಅವನ್ನು ಬೆಂಜೈಲ್ ಆಲ್ಕೋಹಾಲಿನ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ವಿವಿಧ ಘಟಕಗಳ ಬಗ್ಗೆ ತಿಳಿದಿರುವುದನ್ನೆಲ್ಲ ಒಂದೆಡೆ ಸೇರಿಸಲು ಯುರೋಪಿನ ತಜ್ಞರ ಒಕ್ಕೂಟವೊಂದು ಸ್ಟೆಪ್ ಎಂಬ ದತ್ತಾಂಶಕೋಶವನ್ನು ಕಟ್ಟಿದೆ.

ಭಾರತದಲ್ಲಿ ಈ ಚರ್ಚೆ ಬಂದಾಗಲೆಲ್ಲ ಕೆಮ್ಮಿನ ಸಿರಪ್ಪಿನ ದುರಂತಗಳು ನೆನಪಾಗುವುದು ಸಹಜ, ಆದರೆ ಅವು ಬೇರೆ ಜಾತಿಯವು. ಡೈಈಥಿಲೀನ್ ಗ್ಲೈಕಾಲ್ ಎಂಬ, ಕೈಗಾರಿಕೆಗಳಲ್ಲಿ ಬಳಕೆಯಾಗುವ ವಿಷದ್ರವ ಯಾವ ಔಷಧಸೂತ್ರದಲ್ಲೂ ಇರಬೇಕಾದ್ದಲ್ಲ; ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಎಂದು ಕೊಂಡ ದ್ರಾವಕದಲ್ಲಿ ಕಲಬೆರಕೆಯಾಗಿ ಅದು ನುಸುಳುತ್ತದೆ. 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫನಿಲಮೈಡ್ ಔಷಧವನ್ನು ಅದರಲ್ಲೇ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತು, ಮರುವರ್ಷ ಅಲ್ಲಿ ಹೊಸ ಔಷಧ ಕಾನೂನೇ ಬಂತು. ಭಾರತದಲ್ಲಿ 1986ರಲ್ಲಿ ಮುಂಬಯಿ, 1998ರಲ್ಲಿ ಗುರುಗ್ರಾಮ, 2020ರ ಆರಂಭದಲ್ಲಿ ಜಮ್ಮುವಿನ ಉಧಂಪುರ ಜಿಲ್ಲೆ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಹೀಗೆ ಅದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಈ ದ್ರವಕ್ಕೆ ಒಪ್ಪಿತವಾದ ಮಿತಿ ಶೇಕಡಾ 0.1, ಛಿಂದ್ವಾಡದ ಪ್ರಕರಣದ ಸಿರಪ್ಪನ್ನು ಅದು ತಯಾರಾದ ತಮಿಳುನಾಡಿನಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಶೇಕಡಾ 48.6. ಅಲ್ಲಿ ಸತ್ತ ಮಕ್ಕಳಲ್ಲಿ ಬಹುತೇಕರು ಐದು ವರ್ಷದೊಳಗಿನವರು, ಹಸುಗೂಸುಗಳಲ್ಲ. ಆ ಬಳಿಕ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಕೂಡದೆಂದು ಸಲಹೆ ನೀಡಿತು. ಕಲಬೆರಕೆ ಅಪರಾಧ, ಅದಕ್ಕೆ ಪೊಲೀಸರಿದ್ದಾರೆ. ನಿಷ್ಕ್ರಿಯ ಘಟಕದ ಸಮಸ್ಯೆಯಲ್ಲಿ ಅಪರಾಧಿಯಿಲ್ಲ, ಎಲ್ಲರೂ ನಿಯಮದಂತೆಯೇ ನಡೆದುಕೊಂಡಿರುತ್ತಾರೆ, ಅದಕ್ಕೇ ಅದು ಸುದ್ದಿಯಾಗುವುದಿಲ್ಲ.

ಎರಡಕ್ಕೂ ಸಮಾನವಾದ ಒಂದು ಅಂಶವೆಂದರೆ ಲೇಬಲ್ಲಿನ ಮೌನ. ಭಾರತದಲ್ಲಿ ಮಾರುವ ಮಕ್ಕಳ ಸಿರಪ್ಪಿನ ಸೀಸೆಯನ್ನು ತಿರುಗಿಸಿ ನೋಡಿದರೆ ಪ್ರತಿ 5 ಮಿಲಿಲೀಟರಿನಲ್ಲಿ ಸಕ್ರಿಯ ಘಟಕ ಎಷ್ಟು ಮಿಲಿಗ್ರಾಂ ಎಂಬುದು ಸ್ಪಷ್ಟವಾಗಿರುತ್ತದೆ, ಬಣ್ಣದ ಹೆಸರೂ ಇರುತ್ತದೆ. ಅದರ ಕೆಳಗೆ ಫ್ಲೇವರ್ಡ್ ಸಿರಪ್ ಬೇಸ್ ಎಂದು ಬರೆದು ಮುಂದೆ ಕ್ಯು.ಎಸ್. ಎಂಬ ಎರಡಕ್ಷರ ಹಾಕಿರುತ್ತಾರೆ. ಬೇಕಾದಷ್ಟು ಎಂಬ ಅರ್ಥದ ಲ್ಯಾಟಿನ್ ನುಡಿಗಟ್ಟಿನ ಈ ಸಂಕ್ಷೇಪ, ಆ ಬೇಸ್‌ನಲ್ಲಿ ಸಾರ್ಬಿಟಾಲ್ ಇದೆಯೇ, ಪ್ರೊಪಿಲೀನ್ ಗ್ಲೈಕಾಲ್ ಇದೆಯೇ, ಯಾವ ಸಂರಕ್ಷಕ ಎಷ್ಟಿದೆ ಎಂಬುದೊಂದನ್ನೂ ತಿಳಿಸುವುದಿಲ್ಲ. ಯುರೋಪಿನಲ್ಲಿ ಔಷಧದೊಡನೆ ಬರುವ ಕರಪತ್ರದಲ್ಲಿ ಎಲ್ಲ ನಿಷ್ಕ್ರಿಯ ಘಟಕಗಳನ್ನೂ ಹೆಸರಿಸಲಾಗುತ್ತದೆ, ಚುಚ್ಚುಮದ್ದುಗಳಲ್ಲಿ ಅವು ಲೇಬಲ್ಲಿನ ಮೇಲೆಯೇ ಇರುತ್ತವೆ. ಹುಟ್ಟಿನಿಂದಲೇ ಫ್ರಕ್ಟೋಸ್ ಜೀರ್ಣಿಸಿಕೊಳ್ಳಲಾಗದ ಅಪರೂಪದ ದೋಷವಿರುವ ಕೂಸಿಗೆ ಸಾರ್ಬಿಟಾಲ್ ಪ್ರಾಣಾಪಾಯ ತರಬಲ್ಲದು, ಎರಡು ವರ್ಷದೊಳಗೆ ಆ ದೋಷ ಪತ್ತೆಯಾಗದೆಯೂ ಇರಬಹುದು. ಅದಕ್ಕಾಗಿಯೇ ಯುರೋಪಿನ ಸೂಚನೆಗಳು ಆ ವಯಸ್ಸಿನವರಿಗೆ ಸಾರ್ಬಿಟಾಲ್ ಇರುವ ಔಷಧವನ್ನು ರಕ್ತನಾಳದ ಮೂಲಕ ಕೊಡಬಾರದೆನ್ನುತ್ತವೆ. ಬೇಕಾದಷ್ಟು ಎಂಬ ಸಂಕ್ಷೇಪವನ್ನು ಓದಿ ಈ ನಿರ್ಧಾರ ತೆಗೆದುಕೊಳ್ಳಲು ಯಾವ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೂ ಸಾಧ್ಯವಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಕೂಸಿನ ವಿಷಯದಲ್ಲಿ ತಿಳಿಯಬೇಕಾದದ್ದು ಇನ್ನೂ ಸರಳವಾಗಿದೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರಿನ ಮೂಲಸೂತ್ರದಲ್ಲಿ ಮದ್ಯಸಾರವಿತ್ತು. ಕೂಸುಗಳು ಅದನ್ನು ಕುಡಿದು ಸುಮ್ಮನಾಗುತ್ತಿದ್ದುದರಲ್ಲಿ ಸಬ್ಬಸಿಗೆಗಿಂತ ಅದರ ಪಾಲೇ ಹೆಚ್ಚಾಗಿದ್ದಿರಬೇಕು. ಇಂದಿನವುಗಳಲ್ಲಿ ಮದ್ಯಸಾರ ಇಲ್ಲದಿದ್ದರೂ, ಮುಚ್ಚಳ ತೆರೆದು ವಾರಗಟ್ಟಲೆ ಅಡುಗೆಮನೆಯ ಗೂಡಿನಲ್ಲಿಡುವ ಸಿಹಿನೀರು ಕೆಡದಿರಬೇಕಾದರೆ ಸಂರಕ್ಷಕ ಇರಲೇಬೇಕು. ಮೊದಲ ಆರು ತಿಂಗಳು ತಾಯಿಹಾಲಲ್ಲದೆ ಬೇರೇನೂ ಬೇಡ, ವೈದ್ಯರು ಹೇಳಿದ ಔಷಧ ಮತ್ತು ವಿಟಮಿನ್ ಹನಿಗಳು ಮಾತ್ರ ಇದಕ್ಕೆ ಹೊರತು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಗ್ರೈಪ್ ವಾಟರಿಗೆ ಜಾಗವಿಲ್ಲ. ಮನೆಮದ್ದಿನಲ್ಲೂ ಇದೇ ಪ್ರಶ್ನೆಯಿದೆ. ಕರ್ನಾಟಕದ ಅನೇಕ ಮನೆಗಳಲ್ಲಿ ತೇದ ಬಜೆ ಅಥವಾ ಪುಡಿಮಾಡಿದ ಮದ್ದನ್ನು ಜೇನಿನಲ್ಲಿ ಕಲಸಿ ಕೂಸಿನ ನಾಲಗೆಗೆ ಹಚ್ಚುವ ರೂಢಿಯಿದೆ. ಅಲ್ಲಿ ಜೇನು ಅನುಪಾನ, ಅಂದರೆ ಮದ್ದನ್ನು ಒಯ್ಯುವ ವಾಹಕ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿರಬಹುದು, ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ವಿಷವನ್ನು ಸೂಸಬಲ್ಲವು. ವೈದ್ಯರು ಬರೆದ ಔಷಧವನ್ನು ಹೆದರಿ ನಿಲ್ಲಿಸುವುದು ಮಾತ್ರ ಇದಕ್ಕೆಲ್ಲ ಪರಿಹಾರವಲ್ಲ. ದೊಡ್ಡವರ ಸಿರಪ್ಪನ್ನು ಅಳತೆ ತಗ್ಗಿಸಿ ಹಾಕುವುದು, ಡ್ರಾಪ್ಸ್ ಬದಲು ಅಂಗಡಿಯವರು ಕೊಟ್ಟ ಇನ್ನೊಂದನ್ನು ಕೇಳದೆ ಬಳಸುವುದು, ಈಗಾಗಲೇ ಕೊಡುತ್ತಿರುವ ಹನಿಗಳ ಹೆಸರನ್ನು ವೈದ್ಯರಿಗೆ ಹೇಳದಿರುವುದು ತಪ್ಪಬೇಕು.

ಪರಿಹಾರಗಳು ಬರುತ್ತಿರುವುದು ಔಷಧ ತಯಾರಿಕೆಯ ಕಡೆಯಿಂದ. ಒಂದೇ ಸಲಕ್ಕೆ ಮುಗಿಯುವ ಚಿಕ್ಕ ಆಂಪೂಲಿಗೆ ಸಂರಕ್ಷಕದ ಅಗತ್ಯವೇ ಇಲ್ಲ. ವೆಚ್ಚ ಹೆಚ್ಚಾದರೂ ನವಜಾತ ಶಿಶು ಘಟಕಗಳು ಸಲೈನಿನ ಮಟ್ಟಿಗೆ ಈ ದಾರಿಗೆ ಬಂದಿವೆ. ಭಾರತದ ಸನ್ ಫಾರ್ಮಾ ಅಡ್ವಾನ್ಸ್‌ಡ್ ರಿಸರ್ಚ್ ಕಂಪನಿ ಅಭಿವೃದ್ಧಿಪಡಿಸಿದ ಸೆಜಬಿ ಎಂಬ ಫಿನೋಬಾರ್ಬಿಟಾಲ್ ಪುಡಿಗೆ 2022ರ ನವೆಂಬರ್‌ನಲ್ಲಿ ಅಮೆರಿಕದ ಅನುಮೋದನೆ ಸಿಕ್ಕಿತು. ಬಳಸುವ ಹೊತ್ತಿಗೆ ಕರಗಿಸಿಕೊಳ್ಳುವ ಈ ಪುಡಿಯಲ್ಲಿ ಬೆಂಜೈಲ್ ಆಲ್ಕೋಹಾಲೂ ಇಲ್ಲ, ಪ್ರೊಪಿಲೀನ್ ಗ್ಲೈಕಾಲೂ ಇಲ್ಲ; ದಶಕಗಳಿಂದ ಬಳಕೆಯಲ್ಲಿದ್ದ ಔಷಧವೊಂದಕ್ಕೆ ನವಜಾತ ಶಿಶುವಿನ ಸೆಳವಿಗೆಂದೇ ಅಲ್ಲಿ ಅನುಮೋದನೆ ದೊರೆತದ್ದು ಆ ರೂಪದಲ್ಲಿ. ಬಾಯಿಯಿಂದ ಕೊಡುವ ಔಷಧಗಳಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಸಂಶೋಧಕರು ಇನ್ನೂ ಮುಂದೆ ಹೋಗಿ, ಎರಡು ಮಿಲಿಮೀಟರ್ ಅಗಲದ, ರಾಗಿಕಾಳಿಗಿಂತ ತುಸು ದೊಡ್ಡದಾದ ಗುಳಿಗೆಯನ್ನು 2ರಿಂದ 28 ದಿನದ ಕೂಸುಗಳಿಗೆ ಕೊಟ್ಟುನೋಡಿದರು. ಹಸುಗೂಸಿಗೆ ಗುಳಿಗೆ ಎಂದರೆ ಯಾರಿಗಾದರೂ ಗಂಟಲು ಕಟ್ಟೀತೆಂಬ ದಿಗಿಲಾಗುವುದು ಸಹಜ, ಆದರೆ ಕೂಸುಗಳು ಅದನ್ನು ಸಿರಪ್ಪಿಗಿಂತ ಕಡಿಮೆಯಿಲ್ಲದಂತೆ ಒಪ್ಪಿಕೊಂಡವು. ಒಣಗಿದ ಗುಳಿಗೆಯಲ್ಲಿ ನೀರಿಲ್ಲವಾದ್ದರಿಂದ ಅದಕ್ಕೆ ಸಂರಕ್ಷಕ ಬೇಡ, ಕರಗಿಸಿಡುವ ಕೆಲಸವೇ ಇಲ್ಲದ್ದರಿಂದ ದ್ರಾವಕವೂ ಬೇಡ. ಆಕಾರ ಕಟ್ಟಲು ಬೇಕಾದ ಒಂದೆರಡು ಪದಾರ್ಥಗಳಷ್ಟೇ ಉಳಿಯುತ್ತವೆ, ಅವುಗಳನ್ನು ಆರಿಸುವಾಗಲೂ ಹಾಲಿನ ಗ್ಯಾಲಕ್ಟೋಸ್ ಸಕ್ಕರೆಯನ್ನು ತಾಳಲಾರದ ಕೂಸುಗಳನ್ನು ನೆನಪಿನಲ್ಲಿಟ್ಟು ಲ್ಯಾಕ್ಟೋಸ್ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಎದುರಾಗುತ್ತದೆ.